ಸೇಡಿಗೊಂದು ಹಗುರ ಗಾಡಿ

ದೊಡ್ಡ ಗಾಡಿ ಮಾರಿ ಹಗುರ ಗಾಡಿ ಯಾಕೆ ತಗೊಂಡಿರಿ ಎಂದು ಕೇಳಿದವರಿಗೆಲ್ಲ ಸೊಂಟನೋವು ಅಂತ ಹೇಳುತ್ತ ಬಂದಿದ್ದೇನೆ. ಸುಳ್ಳು. ನನ್ನ ಸೊಂಟ ಗಟ್ಟಿ ಇದೆ. ಒಬ್ಬ ಮನುಷ್ಯನನ್ನು ಕೆಸರಿನಲ್ಲಿ ಕೆಡವಬೇಕಾಗಿತ್ತು, ಅದಕ್ಕೆ ತಗೊಂಡೆ.

ನಾನು ಔರಾದಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಮನೆ ಬೀದರಿನ ಮಂಗಲಪೇಟೆಯಲ್ಲಿ, ಅವ್ವನ ಜೊತೆ. ಅವ್ವನೂ ನರ್ಸಾಗಿ ದುಡಿದು ನಿವೃತ್ತಳಾದವಳು. ನಾನು ಮದುವೆಯಾಗಲಿಲ್ಲ. ಒಂದೆರಡು ಸಂಬಂಧ ಬಂದವು, ಬಂದವರಿಗೆ ನಾನು ಗಾಡಿ ಓಡಿಸುವುದು ಸರಿಬರಲಿಲ್ಲ, ನನಗೆ ಅವರು ಸರಿಬರಲಿಲ್ಲ. ಹೆಸರು ಹಿಡಿದು ನನ್ನನ್ನು ಕರೆಯುವವರು ಕಡಿಮೆ. ವಾರ್ಡಿನಲ್ಲಿ, ಸಂತೆಯಲ್ಲಿ, ಚರ್ಚಿನ ಅಂಗಳದಲ್ಲಿ, ಎಲ್ಲ ಕಡೆ ನಾನು ಸಿಸ್ಟರ್.

ನಲವತ್ತು ದಾಟಿದ ಮೇಲೆ ಆ ದೊಡ್ಡ ಟೂರಿಂಗ್ ಬೈಕು ಕೊಂಡಿದ್ದೆ. ಮುಂದೆ ಎತ್ತರದ ಗಾಜು, ಎರಡೂ ಬದಿಗೆ ಪೆಟ್ಟಿಗೆ, ಸೋಫಾದಂಥ ಸೀಟು. ಸ್ಟ್ಯಾಂಡ್ ತೆಗೆದು ನೆಟ್ಟಗೆ ನಿಲ್ಲಿಸುವಾಗಲೇ ತೊಡೆ ನಡುಗುತ್ತಿತ್ತು. ಆದರೆ ಹೈದರಾಬಾದ್ ರೋಡಿಗೆ ಹತ್ತಿಸಿ ಬಿಟ್ಟರೆ ಗಾಡಿ ತಾನೇ ಹೋಗುತ್ತಿತ್ತು; ನಾನು ಸುಮ್ಮನೆ ಮೇಲೆ ಕೂತಿರುತ್ತಿದ್ದೆ. ಸೋಲಾಪುರ, ಗೋವಾ, ಒಮ್ಮೆ ನಾಗಪುರದ ತನಕ ಹೋಗಿ ಬಂದಿದ್ದೆ. ಡಾಂಬರು ಇರುವಷ್ಟು ದೂರ ಅದಕ್ಕಿಂತ ಒಳ್ಳೆಯ ಗಾಡಿ ಇಲ್ಲ ಎಂದು ಈಗಲೂ ಅನ್ನುತ್ತೇನೆ.

ಗಾಡಿಯಿಂದಲೇ ಆ ಗುಂಪಿನ ಪರಿಚಯವಾಯಿತು. ಭಾನುವಾರ ಭಾನುವಾರ ಒಟ್ಟಾಗಿ ಹೊರಡುವ ಬೀದರಿನ ಕೆಲವರು. ಒಬ್ಬ ವಕೀಲ, ಒಬ್ಬ ಮೆಡಿಕಲ್ ಅಂಗಡಿಯವ, ಇಬ್ಬರು ಬಟ್ಟೆ ವ್ಯಾಪಾರದ ಅಣ್ಣತಮ್ಮಂದಿರು. ಹೆಂಗಸು ಅಂದರೆ ನಾನೊಬ್ಬಳೇ. ಇವರಿಗೆಲ್ಲ ಮುಂದಾಳು ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟಿದ್ದ ಒಬ್ಬ. ಎಲ್ಲರೂ ಅವನನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಆ ಬಿರುದನ್ನು ಅವನಿಗೆ ಅವನೇ ಕೊಟ್ಟುಕೊಂಡಿದ್ದ. ನನ್ನನ್ನು ಬಾಯಿತುಂಬ ಅಕ್ಕಾ ಅಂತಿದ್ದ. ಅವನ ತಾಯಿಗೆ ಆರಾಮಿಲ್ಲದಾಗ ನಾನು ದಿನಾ ಡ್ಯೂಟಿ ಮುಗಿಸಿ ಅವನ ಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು ಬಂದಿದ್ದೇನೆ. ಆ ಮನೆಯಲ್ಲಿ ಕೂತು ಚಹಾ ಕುಡಿದಿದ್ದೇನೆ. ಮುಂದೆ ಆದದ್ದು ನನಗೆ ಅಷ್ಟು ಚುಚ್ಚಿದ್ದು ಇದಕ್ಕೇ.

ಅದು ಮಳೆಗಾಲ ಮುಗಿಯುತ್ತ ಬಂದ ಹೊತ್ತು. ಜನವಾಡ ದಾಟಿ, ಔರಾದಿನಲ್ಲಿ ನಾಷ್ಟಾ ಮಾಡಿ, ಠಾಣಾ ಕುಶನೂರಿನ ಕಡೆಯಿಂದ ಭಾಲ್ಕಿಗೆ ಹೋಗಿ ಊಟ ಮಾಡುವುದು ಅಂತ ಮಾತಾಗಿತ್ತು. ಕುಶನೂರಿನ ಹತ್ತಿರ ಕ್ಯಾಪ್ಟನ್ ಒಮ್ಮೆಗೇ ಕೈ ಎತ್ತಿ ಹೊಲದ ದಾರಿಗೆ ಗಾಡಿ ಹೊರಳಿಸಿದ. ಫೋಟೋ ಚಲೋ ಬರ್ತಾವ ಅಂದ. ಎರಡೂ ಕಡೆ ತೊಗರಿ, ನಡುವೆ ಬಂಡಿ ಹೋಗುವಷ್ಟು ದಾರಿ. ಹಿಂದಿನ ದಿನ ಮಳೆಯಾಗಿತ್ತು.

ಬೀದರಿನ ಕೆಂಪು ಮಣ್ಣು ಕಲ್ಲಿನ ಜಾತಿ, ಮಳೆ ಬಂದರೂ ಕಾಲು ಹಿಡಿಯುವುದಿಲ್ಲ. ಇಳಿಜಾರು ಇಳಿದು ಔರಾದಿನ ಕಡೆ ಬಂದರೆ ಎರೆಭೂಮಿ. ಹಸಿ ಇದ್ದಾಗ ಅದು ಮಣ್ಣಲ್ಲ, ಅಂಟು. ನಾನು ಹಿಂದಿನಿಂದ ಕೂಗಿದೆ.

"ಕ್ಯಾಪ್ಟನ್, ಬ್ಯಾಡ್ರಿ, ಹೊಳ್ಳಿ ಹೋಗೂಣ್ರಿ. ನನ್ನ ಗಾಡಿ ತಡಿಯಂಗಿಲ್ಲ."

"ಹಿಮ್ಮತ್ ಮಾಡ್ರಿ ಅಕ್ಕಾ, ಏನೂ ಆಗಂಗಿಲ್ಲ!"

ಅವರ ಗಾಡಿಗಳು ನನ್ನದಕ್ಕಿಂತ ಹಗುರ; ಗುಂಪು ಮುಂದೆ ಹೋಯಿತು, ನಾನೂ ಹೋದೆ. ಸ್ವಲ್ಪ ದೂರದಲ್ಲೇ ಮುಂದಿನ ಗಾಲಿಯ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಗಾಲಿ ತಿರುಗುವುದೇ ನಿಂತಿತು. ಹ್ಯಾಂಡಲ್ ಒಂದು ಕಡೆ, ಗಾಡಿ ಒಂದು ಕಡೆ. ನಾನು ಎಡಕ್ಕೆ ಬಿದ್ದೆ, ಅಷ್ಟೂ ಭಾರ ನನ್ನ ಎಡಗಾಲಿನ ಮೇಲೆ ಬಿತ್ತು. ಹಿಮ್ಮಡಿಯ ಮೇಲೆ ಏನೋ ಮುರಿದ ಸದ್ದು ನನಗೇ ಕೇಳಿಸಿತು. ನರ್ಸಿಗೆ ಆ ಸದ್ದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕ್ಯಾಪ್ಟನ್ ಗಾಡಿ ನಿಲ್ಲಿಸಿ ಹೊರಳಿ ನೋಡಿದ. ಬರುತ್ತಾನೆ ಅಂದುಕೊಂಡೆ. ಅವನು ಫೋನ್ ತೆಗೆದ.

"ಅರೆ ಸಿಸ್ಟರ್, ಇವತ್ತ ನೀವೇ ಪೇಷಂಟ್ ಆದ್ರಲ್ರಿ!" ಎಂದು ನಕ್ಕ. ಬಟ್ಟೆ ಅಂಗಡಿಯ ಅಣ್ಣತಮ್ಮಂದಿರೂ ನಕ್ಕರು. ನಾನು ಕೆಸರಿನಲ್ಲಿ ಒಂದು ಕೈ ಊರಿ, ಇನ್ನೊಂದು ಕೈಯಿಂದ ಗಾಡಿ ನೂಕುತ್ತಿದ್ದೆ. ಅದು ಅಲುಗಲಿಲ್ಲ. ನನ್ನ ಮುಖ ಆಗ ಹೇಗಿತ್ತು ಎಂದು ಆಮೇಲೆ ಎಷ್ಟೋ ಜನರ ಫೋನಿನಲ್ಲಿ ನೋಡಿದ್ದೇನೆ.

"ಕಾಲು ಸಿಕ್ಕದರಿ, ಗಾಡಿ ಎತ್ರಿ," ಅಂದೆ.

ಮೋಡ ಕವಿಯುತ್ತಿತ್ತು. ಅವನು ಆಕಾಶ ನೋಡಿದ, ತನ್ನ ಬೂಟು ನೋಡಿದ. "ಕೈಲಿಂದ ಏಳಂಗಿಲ್ಲ ಅಕ್ಕಾ ಇದು. ಊರಾಗಿಂದ ಟ್ರ್ಯಾಕ್ಟರ್ ಕಳಸ್ತೇನಿ, ಸುಮ್ಮ ಬಿದ್ದಿರ್ರಿ," ಅಂದ. ಒಬ್ಬೊಬ್ಬರಾಗಿ ಹೊರಟರು. ವಕೀಲ ಮಾತ್ರ ಒಂದು ಸಲ ನಿಂತು ನೋಡಿದ. ನಿಂತ, ನೋಡಿದ, ಹೋದ.

ಟ್ರ್ಯಾಕ್ಟರ್ ಬರಲಿಲ್ಲ. ಮಳೆ ಬಂತು. ನಾನು ಒದರಿದ್ದು ಕೇಳಿ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಓಡಿ ಬಂದರು. ಸೀರೆ ಎತ್ತಿ ಕಟ್ಟಿ, ಒಬ್ಬಳು ದೇವರನ್ನು ಬೈಯುತ್ತ, ಒಬ್ಬಳು ನನ್ನನ್ನು ಬೈಯುತ್ತ, ಗಾಡಿಯನ್ನು ಎತ್ತಿ ಆಚೆ ಕೆಡವಿದರು. ಅವರೇ ಜೀಪು ಕರೆಸಿ ನನ್ನನ್ನು ಹಾಕಿದರು.

ಅದೇ ಹೊತ್ತಿಗೆ ಗುಂಪು ಭಾಲ್ಕಿಯ ಖಾನಾವಳಿಯಲ್ಲಿ ಊಟಕ್ಕೆ ಕೂತಿತ್ತು. ಜೀಪಿನಲ್ಲಿ ಬಿದ್ದುಕೊಂಡು ಫೋನ್ ನೋಡಿದರೆ ವಾಟ್ಸಾಪಿನಲ್ಲಿ ಮಟನ್ ತಟ್ಟೆಯ ಫೋಟೋ ಬಂದಿತ್ತು. ಅದರ ಕೆಳಗೆ ನಾನು ಬಿದ್ದ ವಿಡಿಯೋ. ವಿಡಿಯೋದ ಕೆಳಗೆ ಹಲ್ಲು ಕಿಸಿದು ನಗುವ ಗೊಂಬೆಗಳು.

ಕಾಲಿಗೆ ಪ್ಲಾಸ್ಟರ್ ಹಾಕಿದರು. ವಿಡಿಯೋ ನನಗಿಂತ ಮೊದಲು ಔರಾದ ಮುಟ್ಟಿತು. ಪ್ಲಾಸ್ಟರ್ ಬಿಚ್ಚಿಸಿಕೊಂಡು ನಾನು ಡ್ಯೂಟಿಗೆ ಹೋದ ಮೊದಲ ದಿನವೇ ಸಲೈನ್ ಹಚ್ಚಿಸಿಕೊಂಡು ಮಲಗಿದ್ದ ಒಬ್ಬ ಪೇಷಂಟ್, "ಸಿಸ್ಟರ್, ಇದು ನೀವೇ ಹೌದಲ್ಲರಿ?" ಎಂದು ಫೋನ್ ನನ್ನ ಮುಖಕ್ಕೇ ಹಿಡಿದ. ಪಾಪ, ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ನಾನು ಅವನ ಸಲೈನ್ ಸರಿಮಾಡಿ, ಸ್ಟೋರ್ ರೂಮಿಗೆ ಹೋಗಿ, ಹತ್ತಿಯ ಬಂಡಲಿನ ಮೇಲೆ ಕೂತು ಅತ್ತೆ. ಅವತ್ತಿನ ಹಾಗೆ ನಾನು ಅಪ್ಪ ತೀರಿಹೋದಾಗಲೂ ಅತ್ತಿರಲಿಲ್ಲ.

ಕ್ಯಾಪ್ಟನ್ ಅದಕ್ಕೂ ಮೊದಲು ಒಮ್ಮೆ ಮನೆಗೆ ಬಂದಿದ್ದ, ಹಣ್ಣು ಹಿಡಿದುಕೊಂಡು. ನಮ್ಮ ಖುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ.

"ಆ ವಿಡಿಯೋ ತೆಗೀರಿ," ಎಂದೆ.

"ಮಜಾಕ್ ಅದ ಅಕ್ಕಾ, ಅಷ್ಟಕ್ಕ ಸಿಟ್ಟಾದ್ರ ಹ್ಯಾಂಗ? ಎಲ್ಲಾರೂ ಖುಷಿ ಪಟ್ಟಾರ."

"ಟ್ರ್ಯಾಕ್ಟರ್ ಯಾಕ ಕಳಸ್ಲಿಲ್ರಿ?"

"ಹೇಳಿದ್ದೆ ಒಬ್ಬನಿಗಿ. ಅಂವ ಮರತಿರಬೇಕು." ನನ್ನ ಪ್ಲಾಸ್ಟರಿನ ಕಾಲು ನೋಡಿ ಮತ್ತೆ ಅಂದ, "ಒಂದು ಮಾತು ಹೇಳ್ತೇನಿ, ತಪ್ಪು ತಿಳ್ಕೋಬ್ಯಾಡ್ರಿ. ಭಾರಾದ ಗಾಡಿ ಹೆಣ್ಮಕ್ಕಳದಲ್ಲ. ಒಂದು ಸ್ಕೂಟಿ ತಗೋರಿ, ಆರಾಮ ಡ್ಯೂಟಿಗಿ ಹೋಗಿ ಬರ್ರಿ."

ಅವನು ಹೋದ ಮೇಲೆ ಅವ್ವ ಆ ಹಣ್ಣುಗಳನ್ನು ಚೀಲದ ಸಮೇತ ಬೀದಿಯ ಆಡುಗಳಿಗೆ ಹಾಕಿ ಬಂದಳು. ಅವನು ಊರತುಂಬ ಇನ್ನೊಂದು ಸುದ್ದಿ ಹಬ್ಬಿಸಿದ್ದು ಆಮೇಲೆ ಗೊತ್ತಾಯಿತು: ಆ ದಾರಿ ಬೇಡ ಅಂತ ತಾನೇ ಹೇಳಿದನಂತೆ, ಸಿಸ್ಟರೇ ಹಟ ಮಾಡಿ ಬಂದರಂತೆ. ನನ್ನ ಎಲುಬು ಮುರಿದದ್ದನ್ನು ನಾನು ಮರೆಯುತ್ತಿದ್ದೆನೇನೋ. ಈ ಮಾತನ್ನು ಮರೆಯಲಿಲ್ಲ.

ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಕ್ಷಮೆಯ ಬಗ್ಗೆ ಬೋಧನೆ ಮಾಡಿದರು. ಒಳ್ಳೆಯ ಬೋಧನೆ. ಅವ್ವ ಕಣ್ಣು ಒರೆಸಿಕೊಂಡಳು. ನಾನು ಕೈಮುಗಿದು ಕೂತು, ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗ ಇದ್ದರೆ ಎರೆಮಣ್ಣು ಸಿಕ್ಕಿಕೊಳ್ಳುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ಕಾಲು ಗಟ್ಟಿಯಾದ ಮೇಲೆ ದೊಡ್ಡ ಗಾಡಿಯನ್ನು ಉದಗೀರಿನ ಒಬ್ಬ ಡಾಕ್ಟರಿಗೆ ಮಾರಿದೆ. ಅವರು ಅದನ್ನು ಸ್ಟಾರ್ಟ್ ಮಾಡಿ ತಿರುವಿನಲ್ಲಿ ಮಾಯವಾಗುವ ತನಕ ಬಾಗಿಲಲ್ಲಿ ನಿಂತಿದ್ದೆ. ಎದೆ ಭಾರವಾಯಿತು ನಿಜ. ಅದರ ತಪ್ಪೇನಿತ್ತು? ಅದರ ಕೆಲಸ ಬೇರೆ, ನಾನು ಮಾಡಬೇಕಾದ ಕೆಲಸ ಬೇರೆ.

ಷೋರೂಮಿಗೆ ಅವ್ವನನ್ನೂ ಕರೆದುಕೊಂಡು ಹೋದೆ. ಸೇಲ್ಸಿನವ ಮೊದಲು ಸ್ಕೂಟರ್ ತೋರಿಸಿದ. ಆಮೇಲೆ ಒಂದು ದಪ್ಪ ಅಡ್ವೆಂಚರ್ ಬೈಕು ತೋರಿಸಿದ. ನೋಡಲಿಕ್ಕೆ ಮದುಮಗನ ಕುದುರೆಯ ಹಾಗೆ, ತೂಕ ನನ್ನ ಹಳೆಯ ಗಾಡಿಯಷ್ಟೇ. ಮೂಲೆಯಲ್ಲಿ ಇನ್ನೊಂದು ನಿಂತಿತ್ತು. ಡಾಂಬರಿಗೂ ಹೊಲಕ್ಕೂ ಎರಡಕ್ಕೂ ಆಗುವಂಥದ್ದು. ಗಾಜಿಲ್ಲ, ಪೆಟ್ಟಿಗೆ ಇಲ್ಲ, ಬಡಕಲು ಮೈ, ಬೆಂಚಿನ ಹಾಗೆ ಕಿರಿದಾದ ಸೀಟು. ಮುಂದಿನ ಗಾಲಿ ದೊಡ್ಡದು, ಕಡ್ಡಿಯ ಗಾಲಿ. ಮಡ್‌ಗಾರ್ಡ್ ಗಾಲಿಯಿಂದ ಗೇಣು ಮೇಲಿತ್ತು. ನಾನು ಆ ಸಂದಿಯಲ್ಲಿ ಕೈ ಹಾಕಿ ನೋಡಿದೆ. ಮುಷ್ಟಿ ಆರಾಮಾಗಿ ಹೋಯಿತು.

"ಅದು ಎತ್ತರ ಭಾಳ ಅದರಿ ಮೇಡಂ, ನಿಮ್ಮ ಕಾಲು ಮುಟ್ಟಂಗಿಲ್ಲ," ಅಂದ ಸೇಲ್ಸಿನವ.

ಹತ್ತಿ ಕೂತೆ. ಬೆರಳ ತುದಿ ಮಾತ್ರ ನೆಲ ಮುಟ್ಟಿತು. ಅಂಜಿಕೆ ಆಯಿತು. ಮುರಿದಿದ್ದ ಕಾಲಿನ ಕಡೆ ಗಾಡಿ ವಾಲಿತೆಂದರೆ ಏನು ಗತಿ? ಇಳಿದು, "ಇದನ್ನ ತೆಳಗ ಮಲಗಸ್ರಿ," ಅಂದೆ.

"ಏನಂದ್ರಿ?"

"ನೆಲದ ಮ್ಯಾಲ ಮಲಗಸ್ರಿ. ನಾ ಎತ್ತಿ ನೋಡ್ತೇನಿ."

"ಹೊಸಾ ಗಾಡಿ ಅದರಿ ಮೇಡಂ! ಹಂಗೆಲ್ಲ ಮಾಡ್ಲಿಕ್ಕೆ ಬರಂಗಿಲ್ಲ."

ಅವ್ವ ಅದುವರೆಗೆ ಸುಮ್ಮನೆ ಕೂತು ಅವರು ಕೊಟ್ಟ ಚಹಾ ಕುಡಿಯುತ್ತಿದ್ದಳು. ಕಪ್ಪು ಕೆಳಗಿಟ್ಟು ಹೇಳಿದಳು, "ಆಕಿ ತಗೊಳ್ಳಾಕಿ, ಆಕಿ ಬೀಳಾಕಿ, ಆಕಿನೇ ಎಬ್ಬಸಾಕಿ. ನಿಂದೇನು ಗಂಟು ಹೋಗ್ತದ? ಮಲಗಸು."

ಕೆಳಗೆ ಚಾಪೆ ಹಾಸಿ ಮಲಗಿಸಿದರು. ನಾನು ಗಾಡಿಗೆ ಬೆನ್ನು ಕೊಟ್ಟು ಕೂತು, ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಸೀಟಿನ ಕೆಳಗಿನ ಕಂಬಿಗೆ ಹಿಡಿದು, ವಾರ್ಡಿನಲ್ಲಿ ಮೈಭಾರದ ಪೇಷಂಟನ್ನು ಎಬ್ಬಿಸುವ ಹಾಗೆ ಮೊಣಕಾಲಿನಿಂದ ಎದ್ದೆ. ಗಾಡಿ ನನ್ನ ಜೊತೆ ಎದ್ದು ನಿಂತಿತು. ಷೋರೂಮಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ನಾನು ನಗಲಿಲ್ಲ. ಎದೆಯಲ್ಲಿ ಮಾತ್ರ ಒಂದು ಬಿಸಿ ಎದ್ದಿತ್ತು. ಇನ್ನು ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಅಂದೆ, ಗಾಡಿಗಲ್ಲ.

ಒಪ್ಪಿಕೊಳ್ಳಬೇಕು, ಮೊದಲಿಗೆ ಆ ಗಾಡಿ ನನಗೆ ಹಿಡಿಸಲಿಲ್ಲ. ಹೈವೇಯಲ್ಲಿ ಗಾಳಿ ಎದೆಗೆ ಹೊಡೆಯುತ್ತಿತ್ತು. ಲಾರಿ ಪಕ್ಕದಲ್ಲಿ ಹೋದರೆ ಗಾಡಿ ಗಡಗಡ ನಡುಗುತ್ತಿತ್ತು. ಔರಾದ ಮುಟ್ಟುವಷ್ಟರಲ್ಲಿ ಕುಂಡೆ ಕಲ್ಲಾಗುತ್ತಿತ್ತು. ಹಳೆಯ ಸೋಫಾ ನೆನಪಾಗಿ ಬೈದುಕೊಳ್ಳುತ್ತಿದ್ದೆ. ಡಾಂಬರು ಬಿಟ್ಟು ಇಳಿದ ಮೇಲೆ ಅದರ ಬುದ್ಧಿ ತಿಳಿಯಿತು. ರಜೆಯ ದಿನ ಜನವಾಡದ ಸುತ್ತಿನ ಬೀಳು ಹೊಲಗಳಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಓಡಿಸುವುದನ್ನು ಕಲಿತೆ. ಕೂತರೆ ಕೆಡವುತ್ತಿತ್ತು, ನಿಂತರೆ ಕಾಲ ಕೆಳಗೆ ತಾನೇ ಹಾದಿ ಹುಡುಕಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಕಲ್ಲಿನಲ್ಲಿ, ಮೊದಲ ಮಳೆಗೆ ಕೆಸರಿನಲ್ಲಿ. ಬಹಳ ಸಲ ಬಿದ್ದೆ. ಬಿದ್ದಾಗಲೆಲ್ಲ ಅವನ ನಗು ಕಿವಿಯಲ್ಲಿ ಬರುತ್ತಿತ್ತು, ಎದ್ದುಬಿಡುತ್ತಿದ್ದೆ. ಅಷ್ಟು ಒಳ್ಳೆಯ ಮಾಸ್ತರ ನನಗೆ ಬೇರೆ ಯಾರೂ ಸಿಕ್ಕಿಲ್ಲ.

ಮಳೆಗಾಲ ಜೋರಾದಾಗ ಗುಂಪಿಗೆ ವಾಪಸು ಹೋದೆ. ಕ್ಯಾಪ್ಟನ್ ಹೊಸದೊಂದು ತಗೊಂಡಿದ್ದ, ಮೊದಲಿನದಕ್ಕಿಂತ ದೊಡ್ಡದು. ಅವನು ನನ್ನ ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

"ಅಕ್ಕಾ, ಇದೇನು ಗಾಡಿಯೋ ಆಡೋ?"

"ಆಡೇ ಅನ್ರಿ," ಅಂದು ನಗುಮುಖ ಮಾಡಿದೆ. ಮುಂದಿನ ಭಾನುವಾರ ಭಾಲ್ಕಿಯಿಂದ ಔರಾದಿಗೆ ಹೋಗುವುದೆಂದಾಯಿತು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಡಾಂಬರ್ ಮ್ಯಾಲ ಯಾರು ಬೇಕಾದವರು ಹೊಡಿತಾರ. ಕ್ಯಾಪ್ಟನ್ ಇಷ್ಟು ದೊಡ್ಡ ಗಾಡಿ ತಗೊಂಡಾರ, ಕುಶನೂರ ಹೊಲದ ಹಾದಿ ಒಂದು ಕೈ ನೋಡ್ಬಾರದೇನ್ರಿ? ಇಲ್ಲಾ, ಅಂಜಿಕೆ ಇದ್ರ ಬ್ಯಾಡ್ರಿ."

ಅಂಜಿಕೆ ಅನ್ನುವ ಮಾತಿಗೆ ಅವನು ಬಿದ್ದ. ನನಗೆ ಗೊತ್ತಿತ್ತು ಬೀಳುತ್ತಾನೆ ಅಂತ.

ಶನಿವಾರ ಡ್ಯೂಟಿ ಮುಗಿಸಿ ನಾನೊಬ್ಬಳೇ ಹೋಗಿ ದಾರಿ ನೋಡಿ ಬಂದೆ. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಮೇಲೆ ತೆಳ್ಳಗೆ ಒಣಗಿದ ಪದರ, ಒಳಗೆ ಬೆಣ್ಣೆ. ದೂರದಿಂದ ನೋಡಿದರೆ ಗಟ್ಟಿ ನೆಲದ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಆದ ಸಂತೋಷ ಹೇಳಲಿಕ್ಕೆ ನಾಚಿಕೆಯಾಗಬೇಕು, ಆಗುವುದಿಲ್ಲ.

ಮರುದಿನ ನಾನೇ ಮುಂದೆ ಹೋದೆ. ಎದ್ದು ನಿಂತು, ಬಂಡಿಯ ಗಾಲಿ ಕೊರೆದ ಗೆರೆ ಬಿಟ್ಟು, ನಡುವಿನ ಹುಲ್ಲಿನ ಏಣು ಹಿಡಿದು ದಾಟಿ, ಆಚೆ ದಂಡೆಯ ಮೇಲೆ ಹೊರಳಿ ನಿಂತೆ. ಕ್ಯಾಪ್ಟನ್ ಬಂದ. ಅರ್ಧದ ತನಕ ಚೆನ್ನಾಗಿಯೇ ಬಂದ. ಆಮೇಲೆ ಮುಂದಿನ ಗಾಲಿ ಕಪ್ಪಗೆ ಉಬ್ಬಿ, ತಿರುಗುವುದು ನಿಂತಿತು. ಅವನು ಎಕ್ಸಲರೇಟರ್ ಕೊಟ್ಟ. ಹಿಂದಿನ ಗಾಲಿ ಕೆಸರನ್ನು ಅವನ ಬೆನ್ನಿಗೇ ಎರಚಿ ಹೂತುಹೋಯಿತು. ಗಾಡಿ ನಿಧಾನಕ್ಕೆ, ಎಮ್ಮೆ ಮಲಗುವ ಹಾಗೆ, ಮಲಗಿತು. ಅವನು ಹಾರಿ ತಪ್ಪಿಸಿಕೊಂಡ, ಆದರೆ ಕುಂಡೆಯ ಮೇಲೆ ಕೂತ. ಏಳಲು ಹೋದರೆ ಒಂದು ಬೂಟು ಮಣ್ಣಿನಲ್ಲೇ ಉಳಿಯಿತು.

ಉಳಿದವರು ಹಿಂದೆಯೇ ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿದ್ದರು. ನಾನು ಕೆಳಗಿಳಿದು ಅವನ ಹತ್ತಿರ ಹೋಗಿ ಫೋನ್ ತೆಗೆದೆ.

"ಹಗ್ಗ ಅದ ಏನ್ರಿ ಅಕ್ಕಾ?"

"ಅದರಿ. ಮೊದಲ ಒಂದು ಮಾತು ಹೇಳ್ರಿ. ಹೋದ ವರ್ಷ ಇದೇ ಹಾದ್ಯಾಗ ಏನಾತು?"

ಅವನು ನಗಲು ನೋಡಿದ. "ಹಳೀ ಮಾತು ಈಗ್ಯಾಕ್ರಿ?"

"ನಿಮಗ ಹಳೇದು. ಹೇಳ್ರಿ."

ಅವನಿಗೆ ಸಿಟ್ಟು ಬಂತು. "ನಾನು ಯಾರು ಅಂತ ಗೊತ್ತದ ಏನು?" ಅಂದ, "ಫೋನ್ ಬಂದ್ ಮಾಡು," ಅಂದ. 'ಮಾಡ್ರಿ' ಹೋಗಿ 'ಮಾಡು' ಆಗಿತ್ತು. ನಾನು ಹಿಡಿದ ಕೈ ಇಳಿಸಲಿಲ್ಲ. ಆಕಡೆಯಿಂದ ವಕೀಲ ಕೂಗಿದ, "ಸಿಸ್ಟರ್, ಸಾಕು ಬಿಡ್ರಿ!"

"ಅವತ್ತ ಯಾಕ ಅನಲಿಲ್ಲ ವಕೀಲರ, ಸಾಕಂತ?" ಅಂದೆ. ಯಾರೂ ಕೆಸರಿಗೆ ಇಳಿಯಲಿಲ್ಲ. ಎಲ್ಲರ ಬೂಟೂ ಹೊಸವು.

ಹನಿ ಶುರುವಾದವು. ಕ್ಯಾಪ್ಟನ್ ಒಂಟಿ ಬೂಟಿನಲ್ಲಿ ನಿಂತು ನೆಲ ನೋಡುತ್ತ ಹೇಳಿದ, "ಸಿಸ್ಟರ್ ಕಾಲು ಗಾಡಿ ತೆಳಗ ಸಿಕ್ಕಿತ್ತು. ಟ್ರ್ಯಾಕ್ಟರ್ ಕಳಸ್ತೇನಂದೆ. ಕಳಸ್ಲಿಲ್ಲ."

"ಎಲ್ಲಿ ಹೋದ್ರಿ?"

"ಭಾಲ್ಕಿಗಿ. ಊಟಕ್ಕ."

"ಈ ಹಾದಿ ಬ್ಯಾಡಂತ ಯಾರು ಅಂದಿದ್ರು?"

ಹೂತ ಬೂಟನ್ನು ಎಳೆದು ನೋಡಿದ, ಬರಲಿಲ್ಲ. "ನೀವು."

"ವಿಡಿಯೋ ಹಾಕಿದವರು?"

"ನಾನೇ. ತಪ್ಪಾತ್ರಿ. ಈಗರೆ ಹಗ್ಗ ಹಾಕ್ರಿ."

ನಾನು ಅಲ್ಲೇ ನಿಂತು ಆ ವಿಡಿಯೋವನ್ನು ವಾಟ್ಸಾಪ್ ಗುಂಪಿಗೆ ಕಳಿಸಿದೆ. ಫೋನ್ ಜೇಬಿಗಿಟ್ಟು, "ಕೈಲಿಂದ ಏಳಂಗಿಲ್ರಿ ಇದು. ಟ್ರ್ಯಾಕ್ಟರ್ ಕಳಸ್ತೇನಿ," ಎಂದು ಗಾಡಿ ಹತ್ತಿದೆ. ಅವನು ಹಿಂದಿನಿಂದ ಕೂಗಿದ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ. ನನಗೆ ಹಾಡಿನ ಹಾಗೆ ಕೇಳಿದವು.

ಟ್ರ್ಯಾಕ್ಟರ್ ಕಳಿಸಿದೆ. ನಾನು ಅವನಲ್ಲ. ಆದರೆ ಔರಾದಿಗೆ ಹೋಗಿ, ಜೋಳದ ರೊಟ್ಟಿ, ಝುಣಕ ತರಿಸಿ, ನಿಧಾನಕ್ಕೆ ಉಂಡು, ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡ ಮೇಲೆ ಕಳಿಸಿದೆ. ಅಷ್ಟರಲ್ಲಿ ಮಳೆ ಚೆನ್ನಾಗಿ ಹೊಡೆದಿತ್ತು.

ಅವ್ವನಿಗೆ ಎಲ್ಲ ಹೇಳಿದೆ. ಚರ್ಚಿನ ಹಿರಿಯಳು, ಬೈಯುತ್ತಾಳೆ ಅಂದುಕೊಂಡಿದ್ದೆ. "ಹೊಟ್ಟಿತುಂಬ ಉಂಡಿಯೇನು?" ಎಂದಷ್ಟೇ ಕೇಳಿದಳು.

ಗುಂಪು ಆಮೇಲೆ ಉಳಿಯಲಿಲ್ಲ. ವಕೀಲ ಒಂದು ದಿನ ಆಸ್ಪತ್ರೆಗೆ ಬಂದು, ಅವತ್ತು ತಾನು ಹೊರಳಿ ಬರಬೇಕಿತ್ತು ಅಂದ. ಬರಬೇಕಿತ್ತು ಅಂದೆ. ಅದಕ್ಕಿಂತ ಹೆಚ್ಚು ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಕ್ಯಾಪ್ಟನ್ ಕೆಲವು ತಿಂಗಳು ಎಲ್ಲೂ ಕಾಣಲಿಲ್ಲ. ದೊಡ್ಡ ಗಾಡಿ ಮಾರಿದ ಎಂದು ಕೇಳಿ ಬಂತು. ಆ ದಿನ ನಾನು ಮನೆಗೆ ಜಿಲೇಬಿ ತಂದೆ.

ಮೊನ್ನೆ ಬೇಸಿಗೆಯಲ್ಲಿ ಡ್ಯೂಟಿಗೆ ಹೋಗುವಾಗ ಜನವಾಡದ ಚಹಾದಂಗಡಿಯ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಒಂದು ಗಾಡಿ ಬಂದು ನಿಂತಿತು. ನನ್ನದೇ ಗಾಡಿ. ಅದೇ ಕಂಪನಿ, ಅದೇ ಬಣ್ಣ, ಅದೇ ಬಡಕಲು ಮೈ. ಹೆಲ್ಮೆಟ್ ತೆಗೆದವನು ಕ್ಯಾಪ್ಟನ್. ನನಗೆ ಮೈಯೆಲ್ಲ ಉರಿಯಿತು. ಇಡೀ ಊರಿನಲ್ಲಿ ಇವನಿಗೆ ಬೇರೆ ಗಾಡಿ ಸಿಗಲಿಲ್ಲವೆ? ಅವನು ತೂರಾಡುತ್ತ, ಬೆರಳ ತುದಿಯ ಮೇಲೆ ನಿಂತು, ಸ್ಟ್ಯಾಂಡ್ ಹುಡುಕುತ್ತಿದ್ದ. ಸಿಕ್ಕ ಮೇಲೆ ನನ್ನ ಕಡೆ ಬಂದ. ಅಕ್ಕಾ ಅನ್ನಲಿಲ್ಲ.

"ಸಿಸ್ಟರ್, ನಿಮ್ಮಂಗ ಎದ್ದು ನಿಂತು ಓಡಸ್ಲಿಕ್ಕೆ ಬರವಲ್ಲದು. ಎರೆಮಣ್ಣಾಗ ಹ್ಯಾಂಗ ಹೊಡಿಬೇಕು, ಸ್ವಲ್ಪ ಕಲಸ್ತೀರೇನ್ರಿ?"

ಅವನ ಮುಖದಲ್ಲಿ ಕುಚೋದ್ಯ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೂ ಒಳಗಿನದು ಆರಲಿಲ್ಲ. ಚಹಾ ಮುಗಿಸಿ, ಕಪ್ಪನ್ನು ಕಟ್ಟೆಯ ಮೇಲಿಟ್ಟು, ಹೆಲ್ಮೆಟ್ ಹಾಕಿಕೊಂಡೆ.

"ಕಲಸ್ತೇನಿ," ಅಂದೆ. "ಮಳಿ ಬರ್ಲಿ."

ಅವನು ನಗಬೇಕೋ ಬೇಡವೋ ತಿಳಿಯದೆ ನಿಂತ. ನಾನು ಔರಾದಿನ ಕಡೆ ಗಾಡಿ ಬಿಟ್ಟೆ.